ಕದ್ದು ಕೇಳಿದವರು, ಸಾಲ ಮಾಡಿದವರು

ಚೌತಿಗೆ ಊರಿಗೆ ಹೋಗಿ ಬಂದು ಹದಿನೈದು ದಿನ ಆಯ್ತು. ಬಂದ ದಿನವೇ ಇದನ್ನ ಬರೀಬೇಕು ಅಂದುಕೊಂಡಿದ್ದೆ. ಆದ್ರೆ ಬರೆಯೋಕೆ ಇಬ್ಬರ ಒಪ್ಪಿಗೆ ಬೇಕಿತ್ತು. ಅದು ಸಿಕ್ಕಿದ್ದು ನಿನ್ನೆ. ಯಾಕೆ ಒಪ್ಪಿಗೆ ಅಂತ ಓದ್ತಾ ಹೋದರೆ ಗೊತ್ತಾಗತ್ತೆ.

ನಮ್ಮೂರು ಚೆಂಡಿಯಾ. ಕಾರವಾರದಿಂದ ಅಂಕೋಲಾ ಕಡೆ ಹೋಗುವಾಗ ಅರ್ಗಾ ಆದ ಮೇಲೆ ಸಿಗುವ ಊರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ, ಮತ್ತೆ ನೌಕಾನೆಲೆಯ ಗೋಡೆ. ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಚಿಕ್ಕಪ್ಪನ ಮನೆ. ಚೌತಿ ಮಾತ್ರ ಇಬ್ಬರಿಗೂ ಒಂದೇ, ನಮ್ಮ ಮನೆಯಲ್ಲಿ.

ಅಪ್ಪ ಕಾಂಗ್ರೆಸ್ಸು. ಚಿಕ್ಕಪ್ಪ ಬಿಜೆಪಿ. ಇದು ನಮ್ಮಲ್ಲಿ ಹೊಸತೇನಲ್ಲ. ಆದ್ರೆ ಮೊದಲೆಲ್ಲ ಚುನಾವಣೆ ಬಂದಾಗ ಮಾತ್ರ ಜಗಳ ಇರ್ತಿತ್ತು, ಈಗ ಫೋನು ಕೈಗೆ ಬಂದ ಮೇಲೆ ವರ್ಷಪೂರ್ತಿ. ಈ ಸಲ ಚೌತಿ ದಿನ ಊಟ ಆಗಿ ಎಲೆ ಎತ್ತುವ ಮೊದಲೇ ಶುರುವಾಯ್ತು. ಸರ್ಕಾರ ಜನರ ಫೋನು ಕದ್ದು ಕೇಳ್ತದೆ ಅಂತ ಅಪ್ಪ. "ತಪ್ಪು ಮಾಡದವನಿಗೆ ಎಂತಕ್ಕೆ ಹೆದರಿಕೆ?" ಅಂತ ಚಿಕ್ಕಪ್ಪ. ನಮ್ಮ ಊರಿನ ಪಕ್ಕದ ನೌಕಾನೆಲೆಯ ಮಾಹಿತಿ ಹೊರದೇಶಕ್ಕೆ ಕಳಿಸಿದ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ಎನ್‌ಐಎ ಇಬ್ಬರನ್ನು ಹಿಡಿದದ್ದನ್ನೂ ನೆನಪಿಸಿದರು. ಮಾತು ಅಲ್ಲಿಂದ ಸಾಲಕ್ಕೆ ಹಾರಿತು. ದೇಶವನ್ನೇ ಅಡವಿಟ್ಟರು ಅಂತ ಇವರು, ಗ್ಯಾರಂಟಿ ಹಂಚಿ ರಾಜ್ಯವನ್ನೇ ಮುಳುಗಿಸಿದರು ಅಂತ ಅವರು. ಕೊನೆಗೆ ಚಿಕ್ಕಪ್ಪ ಅಂಗಿ ಹೆಗಲಿಗೆ ಹಾಕ್ಕೊಂಡು ಎದ್ದು ಹೋದರು. ಸಂಜೆ ಆರತಿಗೂ ಬರಲಿಲ್ಲ. ನಮ್ಮನೇಲಿ ಹೀಗೆ ಆಗಿದ್ದು ಇದೇ ಮೊದಲು.

ನಾನು ಇಂಜಿನಿಯರು ನೋಡಿ... ಎಲ್ಲದಕ್ಕೂ ಒಂದು ಪಟ್ಟಿ ಮಾಡಿದರೆ ಬಗೆಹರಿಯತ್ತೆ ಅನ್ನೋ ಭ್ರಮೆ :-) ರಾತ್ರಿ ಲ್ಯಾಪ್‌ಟಾಪ್ ತೆಗೆದು, ಯಾವ ವರ್ಷ ಯಾರು ಅಧಿಕಾರದಲ್ಲಿದ್ದರು, ಯಾರು ಏನು ಹೇಳಿದರು ಅಂತ ಬರೀತಾ ಕೂತೆ.

ಮೊದಲ ಸಾಲು ನಮ್ಮ ಜಿಲ್ಲೆಯದ್ದೇ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ. ಫೋನ್ ಕದ್ದಾಲಿಕೆ ಹಗರಣದಲ್ಲಿ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. ಆಗ ಹೆಗಡೆಯವರನ್ನು ಜೋರಾಗಿ ಟೀಕಿಸಿದ ಪಕ್ಷ ದಿಲ್ಲಿಯಲ್ಲಿ ಎರಡು ವರ್ಷದ ಹಿಂದೆ ಏನು ಮಾಡಿತ್ತು? ಜನರ ಅಂಚೆ ಪತ್ರ ತಡೆದು ಒಡೆದು ನೋಡೋಕೆ ಅವಕಾಶ ಕೊಡುವ ಅಂಚೆ ತಿದ್ದುಪಡಿ ಮಸೂದೆಯನ್ನು 1986ರಲ್ಲಿ ಸಂಸತ್ತಿನಲ್ಲಿ ಪಾಸು ಮಾಡಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ, ಹಾಗೇ ಇಟ್ಟುಕೊಂಡರು. ಅದಕ್ಕೇ ಅದು ಕಾನೂನು ಆಗಲಿಲ್ಲ.

ಮುಂದೆ 2008ರ ಡಿಸೆಂಬರ್. ಮುಂಬೈ ದಾಳಿಯಾಗಿ ತಿಂಗಳೂ ಆಗಿರಲಿಲ್ಲ. ಐಟಿ ಕಾಯ್ದೆಯ ತಿದ್ದುಪಡಿ ಚರ್ಚೆಯೇ ಇಲ್ಲದೆ ಪಾಸಾಯ್ತು. ಯುಪಿಎ ಸರ್ಕಾರ ತಂದದ್ದು. ನಮ್ಮ ಕಂಪ್ಯೂಟರಿನಲ್ಲಿರೋದನ್ನು ನೋಡುವ ಅಧಿಕಾರ ಕೊಡುವ 69ನೇ ಕಲಮು ಅದರಲ್ಲೇ ವಿಸ್ತಾರವಾಯ್ತು, ನಿಯಮಗಳು 2009ರಲ್ಲಿ ಬಂದವು. ಹತ್ತು ವರ್ಷದ ನಂತರ, 2018ರ ಡಿಸೆಂಬರ್‌ನಲ್ಲಿ, ಎನ್‌ಡಿಎ ಸರ್ಕಾರ ಹತ್ತು ಸಂಸ್ಥೆಗಳ ಹೆಸರು ಬರೆದು ಅದೇ ಕಲಮಿನಡಿ ಆದೇಶ ಹೊರಡಿಸಿತು. ಕಾಂಗ್ರೆಸ್ಸು ಬೊಬ್ಬೆ ಹಾಕಿತು. ಸರ್ಕಾರ ಕೊಟ್ಟ ಉತ್ತರ: ನಿಯಮ ನಿಮ್ಮದೇ.

ಆಧಾರ್ ವಿಷಯ ನೋಡಿ. ಯುಪಿಎ ತಂದ ಮಸೂದೆಯನ್ನು 2011ರಲ್ಲಿ ತಿರಸ್ಕರಿಸಿದ್ದು ಆಗ ಬಿಜೆಪಿಯಲ್ಲಿದ್ದ ಯಶವಂತ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸಮಿತಿ. 2016ರಲ್ಲಿ ಆಧಾರ್ ಕಾಯ್ದೆಯನ್ನು ಹಣಕಾಸು ಮಸೂದೆ ಅಂತ ಪಾಸು ಮಾಡಿದ್ದು ಬಿಜೆಪಿ ಸರ್ಕಾರ. ಅದರ ವಿರುದ್ಧ ಕೋರ್ಟಿಗೆ ಹೋದದ್ದು ಕಾಂಗ್ರೆಸ್ಸಿನವರು. ಇದು ನನಗೆ ಮನೇಲೇ ಕಂಡ ಸಂಗತಿ. ನಾನು ಹೈಸ್ಕೂಲಿನಲ್ಲಿದ್ದಾಗ ಆಧಾರ್ ಬೈತಿದ್ದವರು ಚಿಕ್ಕಪ್ಪ, ಸಮರ್ಥಿಸ್ತಿದ್ದವರು ಅಪ್ಪ. ನಾನು ಇಂಜಿನಿಯರಿಂಗ್ ಸೇರುವ ಹೊತ್ತಿಗೆ ಇಬ್ಬರೂ ಜಾಗ ಬದಲಿಸಿಕೊಂಡಿದ್ದರು. ಕುರ್ಚಿ ಬದಲಾಯ್ತು, ಇವರ ವಾದವೂ ಬದಲಾಯ್ತು. ಆದರೆ ಧ್ವನಿಯ ಜೋರು ಮಾತ್ರ ಅಷ್ಟೇ ಇತ್ತು.

ಈ ಗದ್ದಲದಲ್ಲಿ ಪಕ್ಷ ಇಲ್ಲದ ಒಬ್ಬರಿದ್ದರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಯುಪಿಎ ಇರುವಾಗ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು, ಎನ್‌ಡಿಎ ಇರುವಾಗ, ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಸರ್ಕಾರ ಬದಲಾದರೂ ಅರ್ಜಿ ಬದಲಾಗಲಿಲ್ಲ.

ಸಾಲದ್ದೂ ಇದೇ ಕತೆ. ಕೇಂದ್ರದ ಸಾಲ 2014ರಲ್ಲಿ ಸುಮಾರು 55 ಲಕ್ಷ ಕೋಟಿ ಇದ್ದದ್ದು 2023ಕ್ಕೆ ಸುಮಾರು 155 ಲಕ್ಷ ಕೋಟಿ ಆಯ್ತು ಅಂತ ಅಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟರಲ್ಲಿ ದೇಶದ ಆದಾಯವೂ ಬೆಳೆದಿದೆ. ಜಿಡಿಪಿಗೆ ಹೋಲಿಸಿದರೆ ಅದು ಶೇಕಡಾ ಐವತ್ತರ ಆಸುಪಾಸಿನಿಂದ 57ರ ಆಸುಪಾಸಿಗೆ ಬಂದದ್ದು, ನಡುವೆ ಕೊರೊನಾ ಬಂದಾಗ ಇನ್ನೂ ಮೇಲೆ ಹೋಗಿತ್ತು. ಚಿಕ್ಕಪ್ಪ ಕೇಂದ್ರದ ಸಾಲಕ್ಕೆ ಈ ಶೇಕಡಾ ಲೆಕ್ಕ ಹೇಳ್ತಾರೆ. ಕರ್ನಾಟಕದ ಸಾಲಕ್ಕೆ ಬಂದರೆ ಶೇಕಡಾ ಮರೆತು 2025-26ರ ಬಜೆಟ್ಟಿನ 1.16 ಲಕ್ಷ ಕೋಟಿ ಹೊಸ ಸಾಲ ಅಂತ ಮೊತ್ತ ಹಿಡೀತಾರೆ. ಅಪ್ಪ ಸರಿಯಾಗಿ ಉಲ್ಟಾ. ಸಾಲಕ್ಕೆ ಕಡಿವಾಣ ಹಾಕೋ ಕಾನೂನು ಇಲ್ಲ ಅಂತಲ್ಲ. ರಾಜ್ಯಗಳಲ್ಲಿ ಮೊದಲು ಅಂಥ ಕಾಯ್ದೆ ಮಾಡಿದ್ದೇ ಕರ್ನಾಟಕ, 2002ರಲ್ಲಿ. ಕೇಂದ್ರದ್ದು 2003ರಲ್ಲಿ ಬಂತು. 2018ರಲ್ಲಿ ಅದನ್ನೇ ತಿದ್ದಿ, ಕೇಂದ್ರದ ಸಾಲವನ್ನು 2025ರ ಮಾರ್ಚ್ ಒಳಗೆ ಜಿಡಿಪಿಯ ಶೇಕಡಾ 40ಕ್ಕೆ ಇಳಿಸ್ತೀವಿ ಅಂತ ಬರೆದುಕೊಂಡರು. ಗಡುವು ಬಂತು, ಹೋಯ್ತು. ಸಾಲ ಐವತ್ತರ ಮೇಲೇ ಇತ್ತು.

ಪಟ್ಟಿ ಮಾಡ್ತಾ ಮಾಡ್ತಾ 1991ಕ್ಕೆ ಬಂದಾಗ ಕೈ ನಿಂತಿತು. ಆ ವರ್ಷ ಎರಡೂ ಜಗಳ ಒಟ್ಟಿಗೇ ಸೇರಿತ್ತು. ಹರಿಯಾಣದ ಇಬ್ಬರು ಪೊಲೀಸರು ರಾಜೀವ್ ಗಾಂಧಿ ಮನೆ ಮೇಲೆ ಕಣ್ಣಿಟ್ಟಿದ್ದರು ಅನ್ನೋ ಗಲಾಟೆಯಲ್ಲಿ ಕಾಂಗ್ರೆಸ್ಸು ಮುನಿಸಿಕೊಂಡು, ಚಂದ್ರಶೇಖರ್ ಮಾರ್ಚ್ 6ರಂದು ರಾಜೀನಾಮೆ ಕೊಟ್ಟರು. ಪೂರ್ಣ ಬಜೆಟ್ಟೇ ಮಂಡನೆ ಆಗಲಿಲ್ಲ. ಇತ್ತ ವಿದೇಶಿ ವಿನಿಮಯ ಕೆಲವೇ ವಾರದ ಆಮದಿಗೆ ಸಾಲುವಷ್ಟು. ಮೇ ತಿಂಗಳಲ್ಲಿ ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನ ಸ್ವಿಸ್ ಬ್ಯಾಂಕಿಗೆ ಹೋಯ್ತು. ಜುಲೈನಲ್ಲಿ, ನರಸಿಂಹರಾವ್ ಸರ್ಕಾರ ಬಂದ ಮೇಲೆ, ಸುಮಾರು 47 ಟನ್ ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಿಗೆ ಅಡವು. ಅಂದರೆ ಚಿನ್ನ ಕಳಿಸಿದ್ದು ಒಬ್ಬರಲ್ಲ, ಎರಡು ಸರ್ಕಾರ. ಅದೇ ವರ್ಷ ಬಿಡಿಸಿಕೊಂಡರು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ಆ ಬಿಕ್ಕಟ್ಟು ನಮ್ಮೂರಿಗೂ ಮುಟ್ಟಿತ್ತು. ರಾಜೀವ್ ಗಾಂಧಿ 1986ರ ಅಕ್ಟೋಬರ್ 24ರಂದು ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗೆ ದುಡ್ಡಿಲ್ಲದೆ ವರ್ಷಗಟ್ಟಲೆ ನಿಂತಿತು. ನೆಲೆ ಶುರುವಾಗಿದ್ದು 2005ರಲ್ಲಿ. ಭೂಮಿ ಕೊಡಬೇಕಾದವರು ಮಾತ್ರ ಅಷ್ಟೂ ವರ್ಷ ಇಂದೋ ನಾಳೆಯೋ ಅಂತ ಕಾದರು.

ಚಿನ್ನ ಅಡವು ಅಂತ ಟೈಪು ಮಾಡಿದ ಮೇಲೆ ನನಗೆ ಮುಂದೆ ಬರೆಯೋಕೆ ಆಗಲಿಲ್ಲ. ಯಾಕಂದ್ರೆ ನಮ್ಮ ಮನೆಯಲ್ಲೂ ಒಂದು ಅಡವಿನ ವಿಷಯ ಇತ್ತು. ಅದು ನನಗೆ ಗೊತ್ತಿರಬಾರದಿತ್ತು.

ಎರಡು ವರ್ಷದ ಹಿಂದೆ ಅಪ್ಪ ಕಾರವಾರ ಪೇಟೆಯಲ್ಲಿ ತಲೆ ತಿರುಗಿ ಕೂತುಬಿಟ್ಟಿದ್ದರು. ಬಿಪಿ. ಆ ಸಲ ಊರಿಗೆ ಹೋದಾಗ ಅವರ ಫೋನಿನಲ್ಲಿ, ಅವರು ಎಲ್ಲಿದ್ದಾರೆ ಅಂತ ನನಗೆ ಕಾಣುವ ಹಾಗೆ ಮಾಡಿಟ್ಟೆ. ಕರೆಂಟ್ ಬಿಲ್ಲು ಕಟ್ಟೋಕೆ ಓಟಿಪಿ ಬೇಕು ಅಂತ ಅವರ ಮೆಸೇಜುಗಳೂ ನನ್ನ ಲ್ಯಾಪ್‌ಟಾಪಿಗೆ ಬರುವ ಹಾಗೆ ಜೋಡಿಸಿದೆ. ಬಿಲ್ಲು ಕಟ್ಟಿಯಾಯ್ತು. ಜೋಡಣೆ ಮಾತ್ರ ತೆಗೀಲಿಲ್ಲ. ಅಪ್ಪನಿಗೆ ಹೇಳಲೂ ಇಲ್ಲ. ಒಳ್ಳೇದಕ್ಕೇ ಅಲ್ವಾ ಅಂದುಕೊಂಡೆ.

ಒಂದು ದಿನ ಆಫೀಸಿನಲ್ಲಿ ಕೂತಿದ್ದಾಗ ಅಪ್ಪನ ಹೆಸರಿಗೆ ಬ್ಯಾಂಕಿನ ಮೆಸೇಜು ಬಂತು. ಚಿನ್ನದ ಸಾಲದ ಬಡ್ಡಿ ಕಟ್ಟಿ ಅಂತ. ಹಳೇ ಮೆಸೇಜು ತಿರುವಿ ನೋಡಿದೆ. ನೋಡಬಾರದಿತ್ತು, ನೋಡಿದೆ. ಆಯಿಯ ಪಾಟ್ಲಿ ಅಡವಿಟ್ಟಿದ್ದರು. ದುಡ್ಡು ಹೋಗಿದ್ದು ಚಿಕ್ಕಪ್ಪನ ಖಾತೆಗೆ. ತಾರೀಖು ನೋಡಿದರೆ, ಆ ಮಳೆಗಾಲ ಹಳ್ಳದ ನೀರು ನುಗ್ಗಿ ಚಿಕ್ಕಪ್ಪನ ಮನೆಯ ಹಿಂದಿನ ಗೋಡೆ ಬಿದ್ದ ವಾರ.

ಆಮೇಲೆ ಅಷ್ಟೂ ತಿಂಗಳು ಇದು ನನ್ನ ಹೊಟ್ಟೆಯಲ್ಲೇ ಇತ್ತು. ಚಿಕ್ಕಪ್ಪ ಹೊಸ ಟಿವಿ ತಂದರು ಅಂದಾಗ ನನ್ನ ಮನಸ್ಸು ಪಾಟ್ಲಿಯ ಲೆಕ್ಕ ಹಾಕ್ತಿತ್ತು. ಅವರು ಮೊದಲಿನ ಹಾಗೇ "ತಮಾ" ಅಂತ ಕರೀತಿದ್ದರು, ನಾನು ಅವರನ್ನ ಸಾಲಗಾರನ ಹಾಗೆ ನೋಡ್ತಿದ್ದೆ. ಅವರಿಗೆ ಗೊತ್ತೇ ಇಲ್ಲದೆ ಅವರ ಬಗ್ಗೆ ನನ್ನ ತೀರ್ಪು ಬದಲಾಗಿತ್ತು.

ಚೌತಿಯ ಮಾರನೇ ದಿನ, ರಾತ್ರಿ ಬಸ್ಸಿಗೆ ಹೊರಡುವ ಮೊದಲು, ಅಪ್ಪನ ಹತ್ತಿರ ಎಲ್ಲ ಹೇಳಿಬಿಟ್ಟೆ. ಬೈತಾರೆ ಅಂದುಕೊಂಡಿದ್ದೆ. ಸುಮಾರು ಹೊತ್ತು ಅಂಗಳ ನೋಡ್ತಾ ಕೂತರು. ಆಮೇಲೆ,

"ಅದು ನಂದಾಗಿದ್ರೆ ನಿನಗೆ ಹೇಳ್ತಿದ್ದೆ. ಅದು ಅವನ ವಿಷಯ ತಮಾ. ಅವನ ಮರ್ಯಾದೆ. ಹೇಳೋ ಹಕ್ಕು ನನಗೂ ಇರಲಿಲ್ಲ."

ಬಸ್ಸಿನಲ್ಲಿ ರಾತ್ರಿಯಿಡೀ ಆ ಮಾತೇ. "ತಪ್ಪು ಮಾಡದವನಿಗೆ ಎಂತಕ್ಕೆ ಹೆದರಿಕೆ" ಅನ್ನೋ ಪ್ರಶ್ನೆಗೆ ಎಷ್ಟೋ ಲೇಖನ ಓದಿದ್ದೆ. ಉತ್ತರ ನಮ್ಮ ಜಗಲಿಯಲ್ಲಿತ್ತು. ಅಪ್ಪ ಯಾವ ತಪ್ಪೂ ಮಾಡಿರಲಿಲ್ಲ, ಚಿಕ್ಕಪ್ಪನೂ ಮಾಡಿರಲಿಲ್ಲ. ಮುಚ್ಚಿಟ್ಟದ್ದು ಒಬ್ಬ ಅಣ್ಣ ತಮ್ಮನಿಗೆ ಮಾಡಿದ ಉಪಕಾರವನ್ನ. ಒಬ್ಬನ ಫೋನು ತೆಗೆದು ನೋಡಿದರೆ ಅವನೊಬ್ಬನೇ ಸಿಗೋದಿಲ್ಲ. ಅವನನ್ನು ನಂಬಿದವರೆಲ್ಲ ಸಿಗ್ತಾರೆ.

ಹಾಗಂತ ಸರ್ಕಾರ ಯಾರ ಮೇಲೂ ಕಣ್ಣಿಡಲೇಬಾರದು ಅಂತ ನಾನು ಹೇಳಲ್ಲ. ನೌಕಾನೆಲೆಯ ಪಕ್ಕ ಹುಟ್ಟಿದವನು, ಆ ಮಾತು ನನ್ನ ಬಾಯಲ್ಲಿ ಬರಲ್ಲ. ನಾನು ಕೇಳೋದು ನಮ್ಮ ಆಫೀಸಿನಲ್ಲಿರುವಷ್ಟು ಶಿಸ್ತು. ಗ್ರಾಹಕರ ಒಂದು ದಾಖಲೆ ತೆಗೆದು ನೋಡಬೇಕಾದ್ರೆ ನಾನು ಕಾರಣ ಬರೀಬೇಕು, ಬೇರೆಯವರು ಒಪ್ಪಬೇಕು, ನೋಡಿದ್ದು ಲಾಗ್‌ನಲ್ಲಿ ಉಳೀಬೇಕು, ಆ ಲಾಗ್ ಅಳಿಸೋಕೆ ನನಗೆ ಆಗಬಾರದು. ನಮ್ಮ ದೇಶದಲ್ಲಿ ಫೋನು ಕೇಳೋಕೆ ಆದೇಶ ಕೊಡೋದು ಗೃಹ ಕಾರ್ಯದರ್ಶಿ. ಅದು ಸರಿಯೋ ಅಂತ ನೋಡೋದು ಇತರ ಕಾರ್ಯದರ್ಶಿಗಳ ಸಮಿತಿ. ಸುಪ್ರೀಂ ಕೋರ್ಟು 1996ರಲ್ಲಿ ಹಾಕಿಕೊಟ್ಟ ಈ ಏರ್ಪಾಡಿನಲ್ಲಿ ನ್ಯಾಯಾಧೀಶರು ಇಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಮಾಡಿದಾಗಲೂ ಅವರಿಗೆ ಜಾಗ ಸಿಗಲಿಲ್ಲ. ನೋಡಿದವರೂ ಅವರೇ, ಒಪ್ಪಿದವರೂ ಅವರ ಪೈಕಿಯೇ. ನಾನು ಅಪ್ಪನ ಮೆಸೇಜು ನೋಡಿದ್ದೂ ಹಾಗೇ ಅಲ್ವಾ? ಒಳ್ಳೇದಕ್ಕೇ ಅಂತ ನಾನೇ ತೀರ್ಮಾನ ಮಾಡಿದ್ದು.

ಆ ದಿನ ಹೊರಡುವಾಗ ಅಪ್ಪ ಫೋನು ಕೈಗಿಟ್ಟು "ತೆಗಿ ಅದನ್ನ" ಅಂದರು. ಎರಡನ್ನೂ ತೆಗೆದೆ. ಮತ್ತೆ ಅವರೇ ಯೋಚಿಸಿ, "ಎಲ್ಲಿದ್ದೀನಿ ಅಂತ ಕಾಣೋದೊಂದು ಹಾಕಿಕೊಡು. ಊರು ಬಿಟ್ಟು ಹೋಗುವಾಗ ನಾನೇ ಶುರು ಮಾಡ್ತೆ. ಮೆಸೇಜು ಬೇಡ" ಅಂದರು. ಹೇಗೆ ಶುರು ಮಾಡೋದು, ಹೇಗೆ ನಿಲ್ಲಿಸೋದು ಅಂತ ತೋರಿಸಿಕೊಟ್ಟೆ.

ಚಿಕ್ಕಪ್ಪನಿಗೆ ಹೇಳೋಕೆ ಹೆಚ್ಚು ಧೈರ್ಯ ಬೇಕಾಯ್ತು. ಹೋದ ವಾರ ಫೋನು ಮಾಡಿ ಹೇಳಿದೆ, ಕ್ಷಮೆ ಕೇಳಿದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ಅವರೇ ಮಾಡಿದರು. ಇದನ್ನ ಬರೀಬಹುದಾ ಅಂತ ಕೇಳಿದ್ದಕ್ಕೆ ನಿನ್ನೆ ಉತ್ತರ ಬಂತು. "ಬರಿ. ಹೆಸರು ಹಾಕಬೇಡ. ಅರ್ಧ ತೀರಿಸಿದ್ದೇನೆ ಅಂತಲೂ ಬರಿ."

ಬರೆದಿದ್ದೇನೆ ಚಿಕ್ಕಪ್ಪ.

ಅಪ್ಪ ಚಿಕ್ಕಪ್ಪ ಮತ್ತೆ ಜಗಳ ಶುರು ಮಾಡಿದ್ದಾರಂತೆ, ಆಯಿ ಫೋನಿನಲ್ಲಿ ಹೇಳಿದರು. ಒಂದೇ ಜಗಲಿಯಲ್ಲಿ ಕೂತು ಮಾಡ್ತಿದ್ದಾರಂತೆ. ಅಷ್ಟು ಸಾಕು. ನಿಮ್ಮ ಮನೆಯಲ್ಲೂ ಈ ಜಗಳ ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ: ಈ ಅಧಿಕಾರವನ್ನ ನಿಮಗೆ ಆಗದ ಪಕ್ಷದ ಕೈಗೂ ಕೊಡ್ತೀರಾ? ಉತ್ತರ ಏನು ಬಂತು ಅಂತ ನನಗೂ ಹೇಳಿ.