ಪಟ್ಟಣವೂ ಪೇಟೆಯೂ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕು ಕೇಂದ್ರಗಳಿವೆ. ಅವುಗಳಲ್ಲಿ ಎರಡು ತಮ್ಮ ದರ್ಜೆಯನ್ನು ಹೆಸರಿನಲ್ಲೇ ಹೊತ್ತುಕೊಂಡಿವೆ: ಒಂದು ಶ್ರೀರಂಗಪಟ್ಟಣ, ಇನ್ನೊಂದು ಕೃಷ್ಣರಾಜಪೇಟೆ. ಮಾತಿನಲ್ಲಿ ಪಟ್ಟಣಕ್ಕಿರುವ ಗತ್ತು ಪೇಟೆಗಿಲ್ಲ. ಪಟ್ಟಣವೆಂದರೆ ಕೋಟೆ, ಅರಮನೆ, ದಂಡು. ಪೇಟೆಯೆಂದರೆ ತಕ್ಕಡಿ, ಗೋಣಿಚೀಲ, ಚೌಕಾಸಿ. ಪ್ರವಾಸಿ ಕೈಪಿಡಿ ಬರೆಯುವವರು ಮೊದಲನೆಯದಕ್ಕೆ ಪುಟಗಟ್ಟಲೆ ಕೊಟ್ಟು, ಎರಡನೆಯದನ್ನು ಹೊಸಹೊಳಲಿನ ದೇವಸ್ಥಾನಕ್ಕೆ ಹೋಗುವಾಗ ಸಿಗುವ ಊರು ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನೋಡಲು ಬರುವವರ ಲೆಕ್ಕದಲ್ಲಿ ಅದು ಸರಿಯೇ. ಊರಲ್ಲೇ ಇರುವವರ ಲೆಕ್ಕ ತೆಗೆದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ ಎಂಬುದು ನನ್ನ ವಾದ. ಅದಕ್ಕೆ ಕಾರಣ ದೂರ. ದೊಡ್ಡ ಊರಿನಿಂದ ದೂರವಿರುವುದನ್ನು ನಾವು ಸಾಮಾನ್ಯವಾಗಿ ಕೊರತೆಗಳ ಪಟ್ಟಿಗೆ ಸೇರಿಸಿಬಿಡುತ್ತೇವೆ. ಕೆ.ಆರ್. ಪೇಟೆಯನ್ನು ನಿಜವಾದ ಪೇಟೆ ಮಾಡಿದ್ದು ಆ ದೂರವೇ. ಶ್ರೀರಂಗಪಟ್ಟಣದ ಒಡಲನ್ನು ಬರಿದು ಮಾಡಿದ್ದು ಮೈಸೂರಿಗಿರುವ ಹದಿನೈದೇ ಕಿಲೋಮೀಟರು.

ಬರಿದಾದ ಕಥೆ ಹಳೆಯದು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣದ ದ್ವೀಪವನ್ನು ವಶಪಡಿಸಿಕೊಂಡು ಇಲ್ಲಿಗೆ ಬಂದು ಕೂತರು. ಒಡೆಯರ ದಸರೆ ಶುರುವಾದದ್ದೂ ಆ ವರ್ಷ, ಇಲ್ಲೇ. ಮುಂದಿನ ಹತ್ತಿರಹತ್ತಿರ ಇನ್ನೂರು ವರ್ಷ ಮೈಸೂರೇ ಪಟ್ಟಣದ ಹಿತ್ತಿಲಾಗಿತ್ತು. ಟಿಪ್ಪು ಶಿರಾದಿಂದ ಕುಟುಂಬಗಳನ್ನು ಎಬ್ಬಿಸಿ ತಂದು ಕೋಟೆಯ ಹೊರಗೆ ಗಂಜಾಮನ್ನು ತುಂಬಿಸಿದ. 1799ರ ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಮರುವರ್ಷ ಬಂದ ಫ್ರಾನ್ಸಿಸ್ ಬುಕನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32,000. ರಾಜಧಾನಿ ಮೈಸೂರಿಗೆ ಹೋಯಿತು, ದಸರೆ ರಾಜರ ಹಿಂದೆ ಹೋಯಿತು, ದ್ವೀಪದ ಚಳಿಜ್ವರಕ್ಕೆ ಹೆದರಿ ಇಂಗ್ಲಿಷರ ದಂಡು ಬೆಂಗಳೂರಿಗೆ ಹೋಯಿತು. ಕಡೆಗೆ ಟಿಪ್ಪುವಿನ ಲಾಲ್ ಮಹಲಿನ ತೊಲೆಗಳು ಕೂಡ ಘಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಸೂರಿಗೆ ಸೇರಿದವು. ಇದೆಲ್ಲ ಸೋಲಿನ ಫಲ, ಇದರಲ್ಲಿ ಮೈಸೂರಿನ ಹತ್ತಿರ ದೂರದ ಮಾತೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಶಿರಾವನ್ನೇ ನೋಡಬೇಕು. ಅದೂ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಅಧಿಕಾರ ಕಳೆದುಕೊಂಡಿತು, ಜನರನ್ನೂ ಕಳೆದುಕೊಂಡಿತು. ಆದರೂ ಇವತ್ತು ಅದು ತುಮಕೂರು ಜಿಲ್ಲೆಯ ಗಟ್ಟಿ ವ್ಯಾಪಾರದ ಊರು. ತುಮಕೂರು ಅದಕ್ಕೆ ಐವತ್ತು ಕಿಲೋಮೀಟರಿನಷ್ಟು ದೂರ; ಸುತ್ತಲಿನ ಹಳ್ಳಿಯವರಿಗೆ ಹೋಗಲು ಬೇರೆ ಪೇಟೆ ಇರಲಿಲ್ಲ. ಸೋತ ರಾಜಧಾನಿಗೆ ಪೇಟೆಯಾಗಿ ಮರುಹುಟ್ಟು ಸಿಗುತ್ತದೆ, ಪಕ್ಕದಲ್ಲೇ ಗೆದ್ದ ರಾಜಧಾನಿ ಕೂತಿರದಿದ್ದರೆ.

ಪಟ್ಟಣದ ನಡುಮಧ್ಯೆ ಈಗ ಏನಿದೆ ಎಂದರೆ ನೋಡತಕ್ಕ ಎಲ್ಲವೂ ಇದೆ. ಆದಿರಂಗನ ಗುಡಿ, 1787ರ ಜಾಮಿಯಾ ಮಸೀದಿ, ಕರ್ನಲ್ ಬೇಯ್ಲಿಯ ಸೆರೆಮನೆ, ಟಿಪ್ಪುವಿನ ದೇಹ ಸಿಕ್ಕ ಜಾಗ. ಕೋಟೆಯ ಹೊರಗೆ ದರಿಯಾ ದೌಲತ್ತು, ಗುಂಬಜು, ನಿಮಿಷಾಂಬ, ಸಂಗಮ. ತಾಲ್ಲೂಕಿನ ಲೆಕ್ಕಕ್ಕೆ ರಂಗನತಿಟ್ಟನ್ನೂ ಕೆಆರ್‌ಎಸ್ಸನ್ನೂ ಸೇರಿಸಿದರೆ ರಾಜ್ಯದ ಯಾವ ತಾಲ್ಲೂಕೂ ಸುಲಭವಾಗಿ ಎದುರು ನಿಲ್ಲಲಾರದು. ಆದರೆ ಬಂದವರು ಬೆಳಿಗ್ಗೆ ಮೈಸೂರಿನ ಲಾಡ್ಜಿನಿಂದ ಹೊರಟಿರುತ್ತಾರೆ, ರಾತ್ರಿ ಅಲ್ಲಿಗೇ ಮರಳುತ್ತಾರೆ. ನಡುವೆ ಪಟ್ಟಣಕ್ಕೆ ಬಿಡುವುದು ಪಾರ್ಕಿಂಗ್ ಚೀಟಿ, ಎಳನೀರು, ಕಡಲೆಕಾಯಿ, ಹಣ್ಣುಕಾಯಿಯ ಕಾಸು. ನೋಡುಗರಿಂದ ಸಿಗುವುದು ಇಷ್ಟಾದರೆ, ನೋಡಲ್ಪಡುವುದಕ್ಕೆ ತೆರುವ ಬೆಲೆ ದೊಡ್ಡದು. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕೋಟೆಯೊಳಗೆ ಸ್ಮಾರಕಗಳು ಒಂದಕ್ಕೊಂದು ಕೂಗಳತೆಯಲ್ಲಿರುವುದರಿಂದ ಈ ವೃತ್ತಗಳು ಒಂದರ ಮೇಲೊಂದು ಹೊದ್ದುಕೊಳ್ಳುತ್ತವೆ. ಅಲ್ಲಿ ಮನೆಯಿರುವವನು ಸೋರುವ ಹೆಂಚು ಬದಲಿಸಿ ತಾರಸಿ ಹಾಕಬೇಕೆಂದರೆ ಇತಿಹಾಸದ ಅಪ್ಪಣೆ ಕೇಳಬೇಕು. ಕಾಯ್ದೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಕೋಟೆಯ ಕಲ್ಲು ಯಾರ್‍ಯಾರ ಮನೆಯ ಪಾಯವಾಗುತ್ತಿತ್ತೋ. ಆದರೆ ಆ ಹೊರೆಯನ್ನು ಹೊರುವವರು ಪಟ್ಟಣದವರು, ಅದರ ಲಾಭದ ರಾತ್ರಿಯೂಟ ಮೈಸೂರಿನ ಹೋಟೆಲಿನದು.

ಕೆ.ಆರ್. ಪೇಟೆಯಲ್ಲಿ ನೋಡಲು ನಿಲ್ಲುವಂಥದ್ದು ಪೇಟೆಯೊಳಗಿಲ್ಲ. ಹಿಂದೆ ಅತ್ತಿಕುಪ್ಪೆ ಎಂದಿದ್ದ ಊರು ಇದು. ಹೊಯ್ಸಳರ ಕುಸುರಿ ಬೇಕಿದ್ದರೆ ಹೊಸಹೊಳಲಿಗೆ ಹೋಗಬೇಕು, ಇಲ್ಲವೇ ಕಿಕ್ಕೇರಿಗೆ, ಗೋವಿಂದನಹಳ್ಳಿಗೆ. ನದಿ ಬೇಕಿದ್ದರೆ ಹೇಮಗಿರಿಗೆ. ಹರಕೆಯಿದ್ದರೆ ಕಲ್ಲಹಳ್ಳಿಯ ಭೂವರಾಹನಲ್ಲಿಗೆ. ಚೆಂದವೆಲ್ಲ ಹಳ್ಳಿಗಳ ಪಾಲಾಗಿ, ಪೇಟೆಗೆ ಕೆಲಸ ಮಾತ್ರ ಉಳಿದಂತಿದೆ. ಹಾಗೆ ಉಳಿದದ್ದೇ ಅದರ ಪುಣ್ಯ. ಮೈಸೂರೂ ಮಂಡ್ಯವೂ ಅದಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು ದೂರ. ಹೇಮಾವತಿ, ಮಂದಗೆರೆ ಕಾಲುವೆಗಳ ಕೆಳಗೆ ಕಬ್ಬು, ಭತ್ತ, ತೆಂಗು ಬೆಳೆಯುವ ರೈತನಿಗೆ ಸುಟ್ಟುಹೋದ ಮೋಟರಿನ ವೈಂಡಿಂಗಿಗಾಗಿ ಅಷ್ಟು ದೂರ ಹೋಗಿ ಬರಲು ಪುರುಸೊತ್ತಿಲ್ಲ; ಮಧ್ಯಾಹ್ನದೊಳಗೆ ನೀರು ಹರಿಯಬೇಕು. ಹಾಗಾಗಿ ವೈಂಡಿಂಗಿನವನು ಪೇಟೆಯಲ್ಲೇ ಇರಬೇಕಾಯಿತು. ಅವನಿದ್ದಲ್ಲಿಗೆ ಪೈಪಿನಂಗಡಿ ಬಂತು, ಗೊಬ್ಬರದಂಗಡಿ, ಅದರ ಪಕ್ಕ ಗಿರವಿ ಅಂಗಡಿ, ಮದುವೆ ಜವಳಿಯ ಅಂಗಡಿ, ಮುದ್ದೆ ಊಟದ ಮೆಸ್ಸು, ಹಲ್ಲಿನ ಡಾಕ್ಟರು. ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಕಬ್ಬಿನ ಬಟವಾಡೆ ಕೈಗೆ ಬಂದರೆ ಅದು ಮೊದಲು ಬಿಚ್ಚುವುದು ಈ ಬೀದಿಗಳಲ್ಲಿ. 2007ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದಾಗ ಅದು ಕೆ.ಆರ್. ಪೇಟೆಯ ಹೆಸರನ್ನೇ ಹೊತ್ತು ಬಂತು. ಇತ್ತ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲೂ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಅದರ ಹೆಸರಿನ ಕೊನೆಗೆ ಇರುವುದು ಮೈಸೂರು. ಬೋರ್ಡು ಬರೆಯುವವನಿಗೂ ಗೊತ್ತು, ಯಾವ ಊರಿನ ಹೆಸರು ಓಡುತ್ತದೆ ಎಂದು.

ಇನ್ನು ಓಡಾಟದ ವಿಷಯ. ಇದರಲ್ಲಿ ಪಟ್ಟಣ ಗೆದ್ದೇ ಗೆದ್ದಿತು ಎನ್ನುವವರು ಬಹಳ ಜನ. ಕೋಟೆಯೊಳಗೇ ರೈಲ್ವೆ ಸ್ಟೇಷನ್ನು. ಮೈಸೂರಿನ ಸಿಟಿ ಬಸ್ಸು ಇಲ್ಲಿಯವರೆಗೂ ಬರುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ಊರಿನ ಮಗ್ಗುಲಲ್ಲೇ ಇದೆ. ಕೆ.ಆರ್. ಪೇಟೆಗೆ ರೈಲಿಲ್ಲ. ಮೈಸೂರು–ಅರಸೀಕೆರೆ ಹಳಿ ತಾಲ್ಲೂಕಿನ ಅಂಚಿನಲ್ಲಿ ಅಕ್ಕಿಹೆಬ್ಬಾಳು, ಮಂದಗೆರೆಗಳನ್ನು ಮುಟ್ಟಿ ಹೋಗುತ್ತದೆ. (ಅಕ್ಕಿಹೆಬ್ಬಾಳು ಎ.ಎನ್. ಮೂರ್ತಿರಾಯರ ಊರು, ಲಲಿತ ಪ್ರಬಂಧಕ್ಕೆ ಕೂತವರು ಆ ಸ್ಟೇಷನ್ನಿನಲ್ಲಿ ಒಂದು ಗಳಿಗೆ ನಿಂತು ಕೈಮುಗಿಯದೆ ಮುಂದೆ ಹೋಗುವುದು ತರವಲ್ಲ.) ಆದರೆ ಓಡಾಟದ ಸುಖವನ್ನು ಊರು ಬಿಟ್ಟು ಎಷ್ಟು ಬೇಗ ಹೋಗಬಹುದು ಎಂಬುದರಿಂದ ಅಳೆಯಬೇಕೋ, ಊರಿಗೆ ಎಷ್ಟು ಸುಲಭವಾಗಿ ಬರಬಹುದು ಎಂಬುದರಿಂದಲೋ? ಪಟ್ಟಣದ ಹಾದಿಗಳೆಲ್ಲ ಎರಡು ಮಹಾನಗರಗಳಿಗಾಗಿ ಹಾಕಿದವು. ಊರು ಅಡ್ಡ ಸಿಕ್ಕಿತು, ಅಷ್ಟೇ. 2017ರಲ್ಲಿ ಜೋಡಿ ಹಳಿಗೆ ಜಾಗ ಮಾಡಲು ಟಿಪ್ಪು ಕಾಲದ ಶಸ್ತ್ರಾಗಾರವೊಂದನ್ನೇ ಇಡಿಯಾಗಿ ಎತ್ತಿ ಆಚೆಗೆ ಸರಿಸಿದರು. ರೈಲಿಗೆ ಕೋಟೆ ಜಾಗ ಬಿಟ್ಟುಕೊಟ್ಟಿತು. ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಅಂದರೆ ಈ ತಾಲ್ಲೂಕಿನ ಜನ ದಿನವೂ ಹತ್ತುವ ವಾಹನಗಳಿಗೇ ಇಲ್ಲ. ಟೋಲ್ ಕಟ್ಟೆಯೊಂದು ಮಾತ್ರ ತಾಲ್ಲೂಕಿನ ಗಣಂಗೂರಿನಲ್ಲಿ ನಿಂತಿದೆ. ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಲೆಕ್ಕವೇ ಬೇರೆ. ಅಲ್ಲಿಂದ ಹೊರಡುವ ಬಸ್ಸುಗಳಲ್ಲಿ ಕಿಕ್ಕೇರಿ, ಅಕ್ಕಿಹೆಬ್ಬಾಳು, ಬೂಕನಕೆರೆಯ ಬೋರ್ಡು. ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿ ಬೆಳಗಿನ ಜಾವ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕಾಲೇಜಿನ ಮಕ್ಕಳನ್ನು ಹೇರಿಕೊಂಡು ಬರುವ ಬಸ್ಸು ಯಾವ ಎಕ್ಸ್‌ಪ್ರೆಸ್‌ವೇಗಿಂತಲೂ ಹೆಚ್ಚಾಗಿ ಪೇಟೆಯನ್ನು ಬದುಕಿಸುತ್ತದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಇಲ್ಲದಾದ ಮೇಲಂತೂ ಈ ವ್ಯತ್ಯಾಸ ಹೆಚ್ಚಿರಬೇಕೆಂಬುದು ನನ್ನ ಊಹೆ: ಪುಕ್ಕಟೆ ಬಸ್ಸು ಪಟ್ಟಣದ ಗೃಹಿಣಿಯನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಒಯ್ದರೆ, ಹಳ್ಳಿಯ ಗೃಹಿಣಿಯನ್ನು ಕೆ.ಆರ್. ಪೇಟೆಗೆ ತರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ದೇವರಾಜ ಮಾರುಕಟ್ಟೆಗೆ ಹೋದರೆ ನಷ್ಟ ಯಾರಿಗೆ? ಪಟ್ಟಣದವರಿಗೆ ಅರ್ಧ ಗಂಟೆಯಲ್ಲಿ ಇಡೀ ಮೈಸೂರು ಸಿಗುವಾಗ ಸ್ವಂತ ಪೇಟೆ ಯಾಕೆ ಬೇಕು? ಅದರಲ್ಲೂ ಎದೆನೋವು ಬಂದವನಿಗೆ. ಮೈಸೂರಿನ ಜಯದೇವ ಆಸ್ಪತ್ರೆಗೆ ಹದಿನೈದು ಕಿಲೋಮೀಟರಿಗೂ ಐವತ್ತಕ್ಕೂ ನಡುವೆ ಇರುವುದು ಎಷ್ಟೋ ಸಲ ಒಂದು ಜೀವ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿಗೆ ಇದೆ. ಆ ಒಂದು ರಾತ್ರಿಗೆ ಪಟ್ಟಣದಲ್ಲಿರುವುದೇ ಮೇಲು. ಆದರೆ ಬದುಕಿನ ಗುಣಮಟ್ಟ ಎಂಬ ದೊಡ್ಡ ಮಾತಿನೊಳಗೆ ಆ ರಾತ್ರಿಯ ಹೊರತಾದ ಸಾವಿರಾರು ಹಗಲುಗಳೂ ಇವೆ. ಎಲ್ಲವೂ ಪಕ್ಕದೂರಿನಲ್ಲಿ ಸಿಗುತ್ತದೆ ಎನ್ನುವಾಗ, ಹೋಗಿಬರಲು ಆಗುವವರಿಗೆ ಸಿಗುತ್ತದೆ ಎಂದೇ ಅರ್ಥ. ಮಂಡಿನೋವಿನ ಅಜ್ಜಿಗೆ, ಅಂಗಡಿ ಬಿಟ್ಟೇಳಲಾಗದ ದರ್ಜಿಗೆ, ಎಂಟನೇ ಕ್ಲಾಸಿನ ಹುಡುಗಿಗೆ ಮೈಸೂರು ಹತ್ತಿರವಿಲ್ಲ. ಅವರಿಗಾಗಿ ಇರಬೇಕಾದ ಅಂಗಡಿ, ಕ್ಲಿನಿಕ್ಕು, ಟ್ಯೂಷನ್ನು ಊರಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅವನ್ನು ಸಾಕಬಲ್ಲ ಗಿರಾಕಿಗಳು ಬೆಳಗಿನ ರೈಲಿನಲ್ಲೇ ಹೋಗಿಬಿಟ್ಟಿರುತ್ತಾರೆ.

ಇನ್ನೊಂದು ಆಕ್ಷೇಪ ನಾಗಮಂಗಲದ ಕಡೆಯಿಂದ ಬರಬಹುದು. ದೂರವೇ ಪೇಟೆ ಕಟ್ಟುವುದಾದರೆ ನಾಗಮಂಗಲವೂ ದೂರವೇ, ಅದೇಕೆ ಆ ಮಟ್ಟಕ್ಕೆ ಏರಲಿಲ್ಲ? ಸೌಮ್ಯಕೇಶವನ ಗುಡಿ, ತಲೆಮಾರುಗಳಿಂದ ಬಂದ ಕಂಚು ಹಿತ್ತಾಳೆಯ ಕೆಲಸ, ಹೆಸರಿಗೆ ಕೊರತೆಯಿಲ್ಲ. ಆದರೆ ನೆಲ ಬಹುಪಾಲು ಮಳೆಯನ್ನೇ ನಂಬಿದ್ದು. ರಾಗಿ ಹೊಲದ ರೈತನ ಕೈಯಲ್ಲಿ ಕಬ್ಬಿನವನ ಕಾಸು ಆಡುವುದಿಲ್ಲ. ಅಲ್ಲದೆ ತಾಲ್ಲೂಕಿನ ಹೊಸದೆಲ್ಲ ಊರನ್ನು ಬಿಟ್ಟು ಬೆಳ್ಳೂರು ಕ್ರಾಸಿನ ಕಡೆ ಸೇರಿಕೊಂಡಿತು. ಬೆಂಗಳೂರು–ಮಂಗಳೂರು ಹೆದ್ದಾರಿ ಅಲ್ಲಿ, ಆದಿಚುಂಚನಗಿರಿಯವರ ವೈದ್ಯಕೀಯ ಕಾಲೇಜು ಅಲ್ಲಿ, 2017ರಲ್ಲಿ ಬೆಂಗಳೂರು–ಹಾಸನ ರೈಲು ಶುರುವಾದಾಗ ಬಿ.ಜಿ. ನಗರದ ಸ್ಟೇಷನ್ನೂ ಆ ಕಡೆಗೇ. ಹೀಗಾಗಿ ನನ್ನ ವಾದಕ್ಕೆ ಒಂದು ಷರತ್ತು ಸೇರಿಸಿಕೊಳ್ಳಬೇಕು: ದೂರದ ಜೊತೆಗೆ ಕಾಲುವೆ ನೀರೂ ಇರಬೇಕು, ತಾಲ್ಲೂಕಿನೊಳಗೆ ಎರಡನೇ ಗಂಟು ಬೀಳದಿರಬೇಕು.

ಪೇಟೆಯನ್ನು ಹೊಗಳುವವರು ಮುಂಬೈಯನ್ನು ಮರೆಯುವಂತೆಯೂ ಇಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಗಳಿಂದ ಹೋಟೆಲು, ಟ್ಯಾಕ್ಸಿ, ದಿನಗೂಲಿ ಎಂದು ಅಲ್ಲಿಗೆ ಹೋದವರು ಎಷ್ಟು ಜನ ಎಂಬುದು 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿಗೆ ಸಿಕ್ಕಿ ಅವರೆಲ್ಲ ಮರಳಿದಾಗ ಇಡೀ ರಾಜ್ಯಕ್ಕೆ ಗೊತ್ತಾಯಿತು. ಅಷ್ಟು ಒಳ್ಳೆಯ ಪೇಟೆಯಿದ್ದರೆ ಮಕ್ಕಳು ಯಾಕೆ ಊರು ಬಿಟ್ಟರು? ರೈತನ ಕಾಸಿನಿಂದ ಬದುಕುವ ಪೇಟೆ ರೈತನ ಎಲ್ಲ ಮಕ್ಕಳಿಗೂ ಸಂಬಳ ಕೊಡಲಾರದು, ಅದು ಅದರ ಮಿತಿ. ಆದರೆ ಪಟ್ಟಣದವರು ಊರು ಬಿಟ್ಟಿಲ್ಲವೆಂದು ತಿಳಿಯುವುದೂ ಸರಿಯಲ್ಲ. ಅವರು ದಿನವೂ ಬಿಡುತ್ತಾರೆ, ರಾತ್ರಿ ಮಲಗಲು ಬರುತ್ತಾರೆ. ಅದನ್ನು ಯಾರೂ ವಲಸೆ ಎಂದು ಬರೆದುಕೊಳ್ಳುವುದಿಲ್ಲ. ಮುಂಬೈಯವನು ಹಬ್ಬಕ್ಕೆ, ಜಾತ್ರೆಗೆ, ಸೈಟು ಕೊಳ್ಳಲು ಬಂದಾಗ ಅವನ ದುಡ್ಡಿನ ಇಟ್ಟಿಗೆ ಸಿಮೆಂಟು ಕೆ.ಆರ್. ಪೇಟೆಯಲ್ಲೇ ಇಳಿಯುತ್ತದೆ.

ಇವೆರಡರ ನಡುವೆ ಪಾಂಡವಪುರ ಇದೆ, ದೂರದಲ್ಲೂ ಸ್ವಭಾವದಲ್ಲೂ. ಅದರ ಹೆಸರಿನ ರೈಲ್ವೆ ಸ್ಟೇಷನ್ನು ಊರಿನಿಂದ ಮೈಲಿಗಟ್ಟಲೆ ಆಚೆ. ಅದು ಊರಿನ ಅದೃಷ್ಟವೋ ಏನೋ, ಬೆಳಗಿನ ರೈಲು ಪಟ್ಟಣವನ್ನು ಖಾಲಿ ಮಾಡಿದಷ್ಟು ಸಲೀಸಾಗಿ ಇದನ್ನು ಮಾಡಲಾರದು. ಸಹಕಾರಿ ಸಕ್ಕರೆ ಕಾರ್ಖಾನೆ, ವಿಶ್ವೇಶ್ವರಯ್ಯ ನಾಲೆಯ ನೀರು, ಕುಂತಿಬೆಟ್ಟದ ನೆರಳು, ಜೊತೆಗೆ ಉಪವಿಭಾಗಾಧಿಕಾರಿಯ (ಎಸಿ) ಆಫೀಸು. ಹೈದರ್ ಟಿಪ್ಪುಗಳ ಕಾಲದಲ್ಲಿ ಇದು ಹಿರೋಡೆ. ಅವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಇದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಈಗ ಕೋಟೆಯೊಳಗಿನ ಮನೆಯವನಿಗೆ ಖಾತೆಯ ತಕರಾರಿನಲ್ಲಿ ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ, ಪಹಣಿಯ ನಕಲು, ಮ್ಯುಟೇಷನ್ ಪ್ರತಿ ಎಲ್ಲ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬಸ್ಸು ಹತ್ತಿ ಒಂದು ಕಾಲಕ್ಕೆ ತನ್ನೂರಿನ ದಂಡು ಇಳಿದಿದ್ದ ಆ ಬಯಲಿಗೆ ಬಂದು, ಎಸಿ ಆಫೀಸಿನ ಬೆಂಚಿನ ಮೇಲೆ ಕೆ.ಆರ್. ಪೇಟೆಯವನ ಪಕ್ಕದಲ್ಲಿ ಕೂತು, ತನ್ನ ಕೇಸು ಕೂಗುವುದನ್ನು ಕಾಯುತ್ತಾನೆ.