ಪಟ್ಟಿಯ ಹಲ್ಲು ಕಲಿಸಿದ ಪಾಠ

ಕಾಯಕ ತತ್ತ್ವವನ್ನು ನಾವು ನಲವತ್ತು ವರ್ಷಗಳಿಂದ ವೇದಿಕೆಗಳ ಮೇಲೆ ವಿವರಿಸುತ್ತ ಬಂದಿದ್ದೇವೆ. ಆದರೆ ಒಬ್ಬ ಕಾಯಕಜೀವಿಯ ಮಾತನ್ನು ಕೇಳಲೇಬೇಕಾದ ಗಳಿಗೆಯಲ್ಲಿ ನಾವು ಕೇಳಲಿಲ್ಲ. ಅದರ ನಷ್ಟವನ್ನು ಅನುಭವಿಸಿದ್ದು ಬೇರೊಂದು ಮನೆ. ಬಂಡಿ ಇಟ್ಟುಕೊಂಡಿರುವ ಭಕ್ತರಿಗೆ ಉಪಯೋಗವಾದೀತೆಂದು ನಮ್ಮ ತಪ್ಪನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಕಳೆದ ಕಾರ್ತಿಕದಲ್ಲಿ ದೂರದಿಂದ ಬಂದ ಅತಿಥಿಗಳಿಗೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಅಶೋಕನ ಶಾಸನವನ್ನು ತೋರಿಸುವ ಹಂಬಲ ನಮ್ಮದಾಗಿತ್ತು. ಪರಿಚಿತ ಭಕ್ತರೊಬ್ಬರು ಹಳೆಯ ಡೀಸೆಲ್ ಕಾರನ್ನು ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುತ್ತಾರೆ. ಹೊರಡುವ ಮುನ್ನಾದಿನ ಚಳ್ಳಕೆರೆಯ ಯುವಕ ಮೇಸ್ತ್ರಿಯೊಬ್ಬ ಎಂಜಿನ್ನಿನ ಪಕ್ಕದ ಮುಚ್ಚಳದ ಕೆಳಗೆ ಬೆರಳಾಡಿಸಿ, ಜಿಡ್ಡನ್ನು ನಮಗೆ ತೋರಿಸಿದ. “ಅಯ್ನೋರೆ, ಸೀಲು ಸೋರಿ ಟೈಮಿಂಗ್ ಬೆಲ್ಟಿಗೆ ಎಣ್ಣೆ ತಗುಲಿದೆ. ಬೆಲ್ಟು, ಟೆನ್ಷನರ್, ಸೀಲು ಮೂರನ್ನೂ ಬದಲಾಯಿಸದೆ ಓಡಿಸಬೇಡಿ” ಎಂದ. ಮಾಲೀಕರು ನಮ್ಮ ಮುಖ ನೋಡಿದರು. “ಇದೊಂದು ಪ್ರಯಾಣ ಮುಗಿಯಲಿ, ಆಮೇಲೆ ಮಾಡಿಸಿದರಾಯಿತು” ಎಂದೆವು. ಹಿರಿಯರ ಮಾತೆಂದು ಅವರು ಮರುನುಡಿಯಲಿಲ್ಲ.

ಸಿದ್ದಾಪುರದಲ್ಲಿ ಶಾಸನ ದರ್ಶನವಾಯಿತು. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಈ ನೆರೆಹೊರೆಯ ಶಾಸನಗಳಲ್ಲಿ, ಬಂಡೆಯ ಮೇಲೆ ಬರೆದ ಲಿಪಿಕಾರ ಚಪಡನ ಹೆಸರೂ ಉಳಿದಿದೆ. ಚಕ್ರವರ್ತಿಯ ಮಾತಿನ ಕೊನೆಗೆ ಕೆಲಸಗಾರನ ಹೆಸರು ನಿಂತಿರುವುದನ್ನು ಅತಿಥಿಗಳಿಗೆ ನಾವು ಹೆಮ್ಮೆಯಿಂದ ವರ್ಣಿಸಿದೆವು. ಹಿಂದಿನ ದಿನವಷ್ಟೇ ಒಬ್ಬ ಕೆಲಸಗಾರನ ಮಾತನ್ನು ತಳ್ಳಿಹಾಕಿ ಬಂದಿದ್ದೆವೆಂಬುದು ಆಗ ನೆನಪಾಗಲಿಲ್ಲ.

ಮರಳಿ ಹೊರಡುವಾಗ ಕಾರು ಬಹಳ ಹೊತ್ತು ಹಟ ಮಾಡಿ ಚಾಲೂ ಆಯಿತು. ಹೊಗೆ ದಟ್ಟವಾಗಿತ್ತು, ಎಳೆತ ಕುಗ್ಗಿತ್ತು. ಸ್ವಲ್ಪ ದೂರದಲ್ಲೇ ನಿಂತುಬಿಟ್ಟಿತು. ಮಾಲೀಕರು ಮೇಸ್ತ್ರಿಗೆ ಫೋನು ಮಾಡುವೆನೆಂದರು. ಹೊತ್ತು ಮುಳುಗುತ್ತಿತ್ತು, ದಾರಿಹೋಕರು ನೆರೆದಿದ್ದರು. “ನಾಲ್ಕು ಜನರಿದ್ದಾರೆ, ತಳ್ಳಿಸಿರಿ” ಎಂದವರು ನಾವೇ. ತಳ್ಳಿದರು; ಗೇರು ಹಾಕಿ ಕ್ಲಚ್ಚು ಬಿಟ್ಟೊಡನೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಕೇಳಿಸಿತು. ಆ ಸದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಚಳ್ಳಕೆರೆಗೆ ಎಳೆದುತಂದ ಮೇಲೆ ಮೇಸ್ತ್ರಿ ಸಿಟ್ಟಾಗದೆ ಎಲ್ಲವನ್ನೂ ಬಿಡಿಸಿ ಹೇಳಿದ. ಹೊಲದ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕಬ್ಬಿಣದ ಹಲ್ಲುಚಕ್ರಗಳಿರುತ್ತವೆ. ಇಂಡಿಕಾ ಮೊದಲಾದ ಹಳೆಯ ಡೀಸೆಲ್ ಕಾರುಗಳಲ್ಲಿ ಆ ಕೆಲಸ ಹಲ್ಲುಳ್ಳ ರಬ್ಬರ್ ಪಟ್ಟಿಯದು. ಕ್ರ್ಯಾಂಕ್ ಎರಡು ಸುತ್ತು ತಿರುಗುವಾಗ ಕ್ಯಾಮ್ ಒಂದೇ ಸುತ್ತು ತಿರುಗಿ ವಾಲ್ವುಗಳನ್ನು ತೆರೆಯಬೇಕು. ಡೀಸೆಲ್ ಪಂಪೂ ಅದೇ ಪಟ್ಟಿಯಿಂದ ತಿರುಗಿ ಸರಿಯಾದ ಕ್ಷಣಕ್ಕೆ ಎಣ್ಣೆ ಚಿಮ್ಮಿಸಬೇಕು. ಎಣ್ಣೆ ತಗುಲಿದ ರಬ್ಬರು ಮೆತ್ತಗಾಗಿ ಹಲ್ಲು ಜಾರಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಒತ್ತಬೇಕಾದ್ದರಿಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಜಾಗ ಅತ್ಯಲ್ಪ. ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. “ಎಂಜಿನ್ನು ನಿಂತಾಗಲೇ ಬಿಟ್ಟಿದ್ದರೆ ಬರಿ ಬೆಲ್ಟಿನಲ್ಲೇ ಮುಗಿಯುತ್ತಿತ್ತೋ ಏನೋ” ಎಂದ. ಆ ‘ಏನೋ’ ಎಂಬುದೇ ನಮ್ಮನ್ನು ಹೆಚ್ಚು ಚುಚ್ಚಿತು.

ಹೆಡ್ಡು ಇಳಿಸಿ ಬಾಗಿದ ವಾಲ್ವುಗಳನ್ನು ಬದಲಾಯಿಸಿದ ಬಳಿಕ ಅವನ ಶಿಸ್ತನ್ನು ಬಳಿಯಲ್ಲೇ ಕುಳಿತು ಕಂಡೆವು. ಮೊದಲು ಸೋರುವ ಸೀಲು, ಬಳಿಕ ಟೆನ್ಷನರ್. ಮೂಲದ ಸೋರಿಕೆ ನಿಲ್ಲದೆ ಹೊಸ ಪಟ್ಟಿ ಹಾಕಿದರೆ ಅದೂ ಕೆಡುತ್ತದೆ. ಒಂದನೆಯ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಕ್ರ್ಯಾಂಕ್, ಕ್ಯಾಮ್, ಪಂಪ್ ಮೂರರ ಗುರುತುಗಳನ್ನೂ ಕೂಡಿಸಿ ಪಟ್ಟಿ ತೊಡಿಸಿದ. ಕೂಡಲೇ ಚಾಲೂ ಮಾಡಲಿಲ್ಲ. ಪಾನೆ ಹಿಡಿದು ಕೈಯಿಂದಲೇ ಕ್ರ್ಯಾಂಕನ್ನು ಎರಡು ಸುತ್ತು ಮೆಲ್ಲನೆ ತಿರುಗಿಸಿ, ಗುರುತುಗಳು ಮರಳಿ ಕೂಡುವುದನ್ನು ಪರೀಕ್ಷಿಸಿದ. ನಡುವೆ ತಡೆ ಸಿಕ್ಕರೆ ಬಲ ಹಾಕಬಾರದು, ಅಲ್ಲಿಗೇ ನಿಲ್ಲಿಸಬೇಕೆಂದ. ಕೊನೆಗೆ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಬರೆದ. ನಮಗೆ ಸಿದ್ದಾಪುರದ ಬಂಡೆ ನೆನಪಾಯಿತು.

ದುರಸ್ತಿಯ ವೆಚ್ಚವನ್ನು ನಾವೇ ಭರಿಸಿದೆವು. ಆದರೆ ಬಾಡಿಗೆಯಿಲ್ಲದೆ ಕಳೆದ ಹನ್ನೆರಡು ದಿನಗಳಲ್ಲಿ ಆ ತಾಯಿ ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಿದ್ದು ನಮಗೆ ತಡವಾಗಿ ತಿಳಿಯಿತು. ನಾವು ಕೈಮುಗಿದು ತಪ್ಪೊಪ್ಪಿಕೊಂಡಾಗ ಅವರು, “ಬಿಡಿ ಅಯ್ನೋರೆ, ದೊಡ್ಡವರು ನೀವು” ಎಂದರು. ದೊಡ್ಡವರೆಂಬ ಆ ಮಾತಿನಿಂದಲೇ ಈ ಅನಾಹುತವೆಲ್ಲ ಆರಂಭವಾದದ್ದು.

ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯ ಶರಣರ ಕಥೆಯನ್ನು ನಾವು ಎಷ್ಟೋ ಸಲ ಹೇಳಿದ್ದೇವೆ. ಹಗ್ಗದ ಬಲವನ್ನು ಬಲ್ಲವನು ಹೊಸೆದವನೇ. ಬಂಡಿಯುಳ್ಳ ಭಕ್ತರು ಕೈಪಿಡಿಯಲ್ಲಿ ಹೇಳಿದ ಅವಧಿಗೆ ತಪ್ಪದೆ ಪಟ್ಟಿ ಬದಲಾಯಿಸಲಿ. ಎಂಜಿನ್ನು ಇದ್ದಕ್ಕಿದ್ದಂತೆ ನಿಂತರೆ ತಳ್ಳಿಸದಿರಲಿ. ಮೇಸ್ತ್ರಿ ಬೇಡವೆಂದಾಗ, ಮನೆಯ ಹಿರಿಯರು ಬಾಯಿ ಮುಚ್ಚಿಕೊಳ್ಳಲಿ. ಈ ಕೊನೆಯ ಮಾತನ್ನು ಮೊದಲಾಗಿ ನಮಗೇ ಹೇಳಿಕೊಂಡಿದ್ದೇವೆ.