ಕೊರಡಿನ ಮೇಲಿನ ಅಣಬೆ, ಕೊರಡಿನ ಮೇಲಿನ ಪಾಚಿ

ಒಣಗಿದ ಮಾವಿನ ಕೊಂಬೆ, ಸಿಲ್ವರ್ ಓಕ್ ಕೊರಡು, ಬೇಲಿಗೂಟ, ಯಾವುದರ ಮೇಲಾದ್ರೂ ಬೂದುಬಿಳಿ ಬಣ್ಣದ, ಬೀಸಣಿಗೆ ಆಕಾರದ ಸಣ್ಣ ಅಣಬೆ ಸಾಲುಸಾಲಾಗಿ ಎದ್ದಿರೋದನ್ನ ನೀವೆಲ್ಲ ನೋಡಿರ್ತೀರಿ. ಸ್ಕಿಜೋಫಿಲಮ್ ಕಮ್ಯೂನೆ ಅಂತ ಅದರ ಹೆಸರು. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡದಲ್ಲೂ ಇದೆ. ಮಗುಚಿ ನೋಡಿ, ಅಡಿಯ ಪದರಗಳು ಉದ್ದಕ್ಕೆ ಸೀಳಿರ್ತವೆ. ಬಿಸಿಲಿಗೆ ಸುರುಟಿ ಮುಚ್ಚಿಕೊಳ್ಳತ್ತೆ. ಮಳೆ ಬಿದ್ದರೆ ಬಿಚ್ಚಿಕೊಂಡು ಮತ್ತೆ ಬೀಜಕ ಉದುರಿಸತ್ತೆ.

ಇದರ ಜೊತೆ ಹೋಲಿಸಬೇಕು ಅನ್ನಿಸಿದ್ದು ಯುರೋಪಿನ ಒಂದು ಪಾಚಿಯನ್ನ. ಬಕ್ಸ್‌ಬೌಮಿಯಾ ವಿರಿಡಿಸ್ ಅಂತ. ಚಳಿ ದೇಶದ ಸ್ಪ್ರೂಸ್, ಫರ್ ಮರಗಳ ಕೊಳೆತ ಕೊರಡೇ ಅದರ ಮುಖ್ಯ ಮನೆ. ಪಾಚಿ ಅಂದ್ರೂ ಹಸಿರು ಹಾಸು ಕಾಣಲ್ಲ. ಒಂದು ಗಿಡ್ಡ ಕಡ್ಡಿ, ತುದಿಯಲ್ಲಿ ಓರೆಯಾಗಿ ಕೂತ, ಹೆಚ್ಚುಕಡಿಮೆ ಭತ್ತದ ಕಾಳಿನಷ್ಟು ಹಸಿರು ಕಾಯಿ, ಅಷ್ಟೇ. ಯುರೋಪಿಯನ್ ಒಕ್ಕೂಟ 1992ರಲ್ಲಿ ಮಾಡಿದ ಆವಾಸ ಸಂರಕ್ಷಣೆಯ ಪಟ್ಟಿಯಲ್ಲಿ ಇದರ ಹೆಸರಿದೆ.

ಎರಡೂ ಕೂರೋದು ಕೊರಡಿನ ಮೇಲೇ, ಕಸುಬು ಮಾತ್ರ ಬೇರೆ. ಅಣಬೆ ಮರವನ್ನೇ ತಿನ್ನತ್ತೆ. ಪಾಚಿ ಬೆಳಕು, ನೀರು ಹಿಡಿದು ತನ್ನ ಊಟ ತಾನೇ ಮಾಡ್ಕೊಳ್ಳತ್ತೆ, ಮರ ಅದಕ್ಕೆ ಬರೀ ಒದ್ದೆ ಹಾಸಿಗೆ. ಅಡಿಕೆ ಮರದ ಮೈಮೇಲಿನ ಪಾಚಿ ಕೆರೆಸೋದು ಕೂಲಿ ದಂಡ ಅಂತ ನಾನು ಹೇಳೋದು ಇದಕ್ಕೇ. ಆದ್ರೆ ಜೀವ ಇರೋ ಮರದಲ್ಲಿ ಆ ಬಿಳಿ ಅಣಬೆ ಕಂಡ್ರೆ ಅಷ್ಟು ಭಾಗ ಸತ್ತಿದೆ ಅಂತ ತಿಳೀರಿ. (ಅಡಿಕೆ ಬುಡದಲ್ಲಿ ಗಟ್ಟಿ ಕಂದು ಅಣಬೆ ಬಂದ್ರೆ ಅದು ಗ್ಯಾನೋಡರ್ಮ, ಅಣಬೆ ರೋಗ. ಅದರ ಕತೆಯೇ ಬೇರೆ.)

ಎರಡರ ಬೀಜಕವೂ ಗಾಳಿಯಲ್ಲೇ ಹಾರತ್ತೆ. ಮತ್ತೆ ಒಂದು ಎಲ್ಲೆಲ್ಲೂ, ಒಂದು ಅಪರೂಪ, ಯಾಕೆ? ಸ್ಕಿಜೋಫಿಲಮ್‌ಗೆ ಹೊಸದಾಗಿ ಸತ್ತ ಕೊಂಬೆ ಸಾಕು. ಬಕ್ಸ್‌ಬೌಮಿಯಾಕ್ಕೆ ತೊಗಟೆ ಉದುರಿ, ಉಗುರು ಹಾಕಿದ್ರೆ ಒಳಗಿಳಿಯುವಷ್ಟು ಮೆತ್ತಗಾದ, ತೇವ ಆರದ ಕೊರಡೇ ಆಗಬೇಕು. ಹಾಗೆ ಮೆತ್ತಗೆ ಮಾಡಿಕೊಡೋದು ಅಲ್ಲಿನ ಸಾಮಾನ್ಯ ಅಣಬೆಗಳು, ವರ್ಷಗಟ್ಟಲೆ ತಿಂದು. ಬಿದ್ದ ಮರ ಸಾಗಿಸಿ ಕಾಡು ಚೊಕ್ಕ ಮಾಡಿದ ಕಡೆ ಇದಕ್ಕೆ ಜಾಗವೇ ಇಲ್ಲ. ಅಣಬೆಗೆ ಒಂದು ಮಳೆಗಾಲ ಸಾಕಾದ್ರೆ ಪಾಚಿಗೆ ನಾವು ಕೊರಡನ್ನ ಮುಟ್ಟದೇ ಬಿಟ್ಟ ಅಷ್ಟೂ ವರ್ಷ ಬೇಕು.

ನಮ್ಮ ಹಳ್ಳದ ಬದಿ ಗಾಳಿಗೆ ಬಿದ್ದ ಒಂದು ಮಾವು ಇದೆ. ಕಟ್ಟಿಗೆಯವನು ಎರಡು ಸಲ ಬಂದು ಕೇಳಿದ, ಮನೆಯಲ್ಲೂ ಒಲೆಗಾದ್ರೂ ಆಗ್ತಿತ್ತಲ್ಲ ಅಂತಾರೆ. ಕೊಟ್ಟಿಲ್ಲ. ಆ ಯುರೋಪಿನ ಪಾಚಿ ಇಲ್ಲಿ ಬರಲ್ಲ ಅಂತ ಗೊತ್ತು. ನಮ್ಮವೇ ಯಾವ್ಯಾವು ಬರ್ತವೆ ನೋಡೋಣ ಅಂತ. ನಿಮ್ಮಲ್ಲೂ ಹೀಗೆ ಮೆತ್ತಗಾದ ಹಳೇ ಕೊರಡು ಇದ್ರೆ ಹತ್ತಿರದಿಂದ ಒಂದು ಫೋಟೋ ತೆಗೆದು ಹಾಕಿ.